ತೆರೆಯ ಎರಡು ಮಗ್ಗುಲು

ಸಿನಿಮಾ ಎತ್ತಿನ ಗಾಡಿಯೇರಿ ಊರಿಗೆ ಬರುತ್ತಿದ್ದ ಕಾಲವದು. ವರ್ಷ ಯಾವುದೆಂದು ಖಚಿತವಾಗಿ ಹೇಳಲಾರೆ. ನಾನು ಮೂರನೆಯ ಇಯತ್ತೆಯಲ್ಲಿದ್ದೆ ಎಂಬುದು ನನ್ನ ನೆನಪು. ನೀನಿನ್ನೂ ಶಾಲೆಯನ್ನೇ ಸೇರಿರಲಿಲ್ಲ ಎನ್ನುತ್ತಾನೆ ಅಣ್ಣ ಬೀರಣ್ಣ. ಚಿತ್ರ ಬಿಡುಗಡೆಯಾದ ವರ್ಷವನ್ನಾದರೂ ಹುಡುಕೋಣವೆಂದರೆ ಅದರ ಹೆಸರು ಇಬ್ಬರಿಗೂ ನೆನಪಿಲ್ಲ. ಜೋಳದ ರಾಶಿ ಮುಗಿದಿತ್ತು ಎಂಬ ಒಂದೇ ಅಂಶದಲ್ಲಿ ನಮ್ಮಿಬ್ಬರ ಸಾಕ್ಷ್ಯ ಕೂಡುತ್ತದೆ.

ಮಹಾರಾಷ್ಟ್ರದ ನಿಲಂಗಾದ ಹತ್ತಿರದ ನಮ್ಮ ಊರಿನಲ್ಲಿ ಚಾವಡಿಯ ಮುಂದೆ ಎರಡು ಬೇವಿನ ಮರಗಳ ನಡುವೆ ಬಿಳಿಯ ತೆರೆ ಕಟ್ಟುತ್ತಿದ್ದರು. ಚಿತ್ರ ಬಿಡುವ ಯಂತ್ರವಿದ್ದ ಕಡೆ ಗಂಡಸರು, ತೆರೆಯ ಹಿಂದೆ ಹೆಂಗಸರು ಮತ್ತು ಸಣ್ಣ ಮಕ್ಕಳು. ಅದು ಊರಿನ ರೂಢಿ. ತೆಳುವಾದ ಬಟ್ಟೆಯಾದ್ದರಿಂದ ಚಿತ್ರ ನಮಗೂ ಕಾಣುತ್ತಿತ್ತು, ಆದರೆ ಎಡ ಬಲವಾಗಿ, ಬಲ ಎಡವಾಗಿ. ನಮ್ಮ ಕಡೆಯ ನಾಯಕರೆಲ್ಲ ಎಡಗೈಯಲ್ಲಿ ಉಣ್ಣುವವರು. ಹೆಂಗಸರು ಅದಕ್ಕೆ ಹೊಂದಿಕೊಂಡಿದ್ದರು. ಕುರಿಯುಣ್ಣೆಯ ಕಂಬಳಿಯ ವಾಸನೆ, ಜನರೇಟರಿನ ಡೀಸೆಲ್ ಹೊಗೆ, ಮಡಿಲಲ್ಲಿ ಹುರಿದ ಶೇಂಗಾ. ಸೋದರತ್ತೆ ಮಾಳವ್ವ ನನ್ನನ್ನು ತನ್ನ ಕಂಬಳಿಯೊಳಗೆ ಸೇರಿಸಿಕೊಂಡು ಕೂರುತ್ತಿದ್ದಳು.

ಆ ಸಲ ಬಂದದ್ದು ಆಕಾಶನೌಕೆಯ ಕಥೆ. ಮಾತು ಇಂಗ್ಲಿಷಿನದು, ಯಂತ್ರದವನು ನಡುನಡುವೆ ಮರಾಠಿಯಲ್ಲಿ ವಿವರಿಸುತ್ತಿದ್ದ, ಅವನಿಗೂ ಪೂರ್ತಿ ತಿಳಿದಂತಿರಲಿಲ್ಲ. ಒಂದು ದೃಶ್ಯದಲ್ಲಿ ನೌಕೆಯೊಳಗಿನ ಮನುಷ್ಯನೊಬ್ಬ ನೀರಿನ ಲೋಟ ಹಿಡಿದು ಗೋಡೆಯೇರಿ ನಡೆದ. ಮೆಲ್ಲನೆ ಛಾವಣಿಗೆ ಹೋಗಿ, ತಲೆಕೆಳಗಾಗಿ ನಿಂತು, ನೀರು ಕುಡಿದ. ಒಂದು ಹನಿಯೂ ಚೆಲ್ಲಲಿಲ್ಲ.

ಹೆಂಗಸರ ಕಡೆ ಶೇಂಗಾ ಸುಲಿಯುವ ಸದ್ದು ನಿಂತಿತು. ಕೊನೆಗೆ ಪಕ್ಕದ ಮನೆಯ ಗಂಗವ್ವ ತೀರ್ಪು ಕೊಟ್ಟಳು: "ಹಿಂದ ಕುಂತೀವಿ, ಅದಕ್ಕ ಹಂಗ ಕಾಣಸ್ತದ. ಎಡಾಬಲಾ ಅದಲಬದಲ ಆಗ್ತದಲ್ಲ, ಇವತ್ತು ತಲಿ ಕಾಲು ಸುದ್ದಾ ಆಗ್ಯಾವ."

ಎಲ್ಲರೂ ಒಪ್ಪಿದರು. ನನಗೆ ಒಪ್ಪಿಗೆಯಾಗಲಿಲ್ಲ. ಚಿತ್ರದಲ್ಲಿ ಉಳಿದವರೆಲ್ಲ ನೆಟ್ಟಗೇ ಇದ್ದರಲ್ಲ? ಮರುದಿನ ಬೆಳಿಗ್ಗೆ, ಮುಂದೆ ಕುಳಿತಿದ್ದ ಬೀರಣ್ಣನನ್ನು ಕೇಳಿದೆ.

"ನಮ್ಮ ಕಡಿ ಅಂವಾ ಸರಿನೇ ನಡದಾನ," ಎಂದ. "ನಿನ್ನ ಕಣ್ಣಾಗೇ ಏನೋ ದೋಷ ಅದ. ಕುರಿ ಎಣಸಾಕೂ ಬರಲ್ಲ ಇಕಿಗಿ."

ನನಗೆ ಅಳು ಬಂತು. ನಾನು ಕಣ್ಣಾರೆ ಕಂಡದ್ದು ನಿಜವೋ ಸುಳ್ಳೋ? ಆ ಸಂಜೆಯದು ಅದೇ ಚಿತ್ರದ ಕೊನೆಯ ಆಟ. ಅದು ತಪ್ಪಿದರೆ ಈ ಪ್ರಶ್ನೆಗೆ ಎಂದೆಂದಿಗೂ ಉತ್ತರವಿಲ್ಲ. ಅತ್ತೆಯ ಸೆರಗು ಹಿಡಿದು ಗೋಗರೆದೆ.

"ಗಂಡಸರಾಗ ಹೋಗಿ ಕುಂದರಬೇಕಂತೀ?" ಅತ್ತೆ ನಕ್ಕಳು. "ನನಗೂ ರಾತ್ರಿ ನಿದ್ದಿ ಬಂದಿಲ್ಲ ಬಿಡು. ನಡಿ, ನೋಡೇ ಬಿಡಮಿ," ಎಂದಳು.

ಆ ದೃಶ್ಯ ಬರುವ ಮುಂಚೆ ಅತ್ತೆ ಎದ್ದು, ನನ್ನ ಕೈ ಹಿಡಿದು, ತೆರೆಯನ್ನು ಬಳಸಿ ಗಂಡಸರ ನಡುವೆ ಬಂದು ನಿಂತಳು. ಯಾರೋ ಗೊಣಗಿದರು. ಅವಳು ಕಿವಿಗೊಡಲಿಲ್ಲ. ತೆರೆಯ ಮೇಲೆ ಅದೇ ಮನುಷ್ಯ ಲೋಟ ಹಿಡಿದ, ಈ ಸಲ ಬಲಗೈಯಲ್ಲಿ. ಗೋಡೆಯೇರಿದ. ಛಾವಣಿಗೆ ಹೋಗಿ ತಲೆಕೆಳಗಾದ. ಕುಡಿದ.

"ಯವ್ವಾ, ಈ ಕಡಿನೂ ಹಂಗೇ ಅದ!" ಎಂದು ಅತ್ತೆ ಕೂಗಿಯೇಬಿಟ್ಟಳು. ಮುಂದಿನ ಸಾಲಿನಲ್ಲಿದ್ದ ಬೀರಪ್ಪನ ಗುಡಿಯ ಪೂಜಾರಿ ಮುತ್ಯಾನ ಕಡೆ ಬಾಗಿ, "ನಿನ್ನಿ ಸುದ್ದಾ ಹಿಂಗೇ ಕಂಡಿದ್ದೇನ್ರೀ ಮುತ್ಯಾ?" ಎಂದು ಕೇಳಿದಳು.

"ಹೂಂ ಯವ್ವಾ," ಎಂದ ಮುದುಕ, ತಗ್ಗಿದ ದನಿಯಲ್ಲಿ. "ಹಿಂದ ಕುಂತವರಿಗಿ ಸರಿ ಕಂಡಿರಬೇಕಂತ ನಾವು ತಿಳಕೊಂಡಿದ್ದಿವಿ."

ತೆರೆಯಾಚೆಯಿಂದ ಗಂಗವ್ವ ಕೂಗಿದಳು: "ಏನಂತಾರ?"

"ಅವರಿಗೂ ತಿಳಿದಿಲ್ಲಂತ!"

ಎರಡೂ ಮಗ್ಗುಲಿನಿಂದ ನಗೆ ಎದ್ದಿತು. ಬೀರಣ್ಣನ ಗೆಳೆಯನೊಬ್ಬ ಅವನತ್ತ ಬೆರಳು ತೋರಿಸಿ, "ನಿನ್ನಿ ಈಂವಾ ಮಲಗಿದ್ದನ್ರೀ ಅತ್ತಿ, ಗೊರಕಿ ಹೊಡೀತಿದ್ದ," ಎಂದು ಗುಟ್ಟು ಬಿಟ್ಟುಕೊಟ್ಟ. ಮುಂದಿನ ಕಥೆ ಏನಾಯಿತೆಂದು ಯಾರೂ ನೋಡಲಿಲ್ಲ. ಊರಿಗೆ ಊರೇ ತೆರೆಯ ಎರಡು ಬದಿಯಿಂದ ಕೂಗಾಡುತ್ತ ವಾದಕ್ಕಿಳಿದಿತ್ತು: ಕಾಲಿಗೆ ಅಂಟು ಹಚ್ಚಿದ್ದರೆ ನೀರೇಕೆ ಬೀಳಲಿಲ್ಲ? ಹಗ್ಗ ಕಟ್ಟಿದ್ದರೆ ಅಂಗಿ ಏಕೆ ಜೋತುಬೀಳಲಿಲ್ಲ?

ಎಷ್ಟೋ ವರ್ಷಗಳ ಮೇಲೆ ಆ ಕೌಶಲವನ್ನು ಓದಿ ತಿಳಿದೆ. ಕೋಣೆಯನ್ನೇ ದೊಡ್ಡ ಚಕ್ರದಂತೆ ತಿರುಗಿಸುತ್ತಾರೆ. ಕ್ಯಾಮೆರಾವನ್ನು ಆ ಕೋಣೆಯ ನೆಲಕ್ಕೇ ಬಿಗಿದಿರುವುದರಿಂದ ಅದೂ ಜೊತೆಯಲ್ಲೇ ತಿರುಗುತ್ತದೆ. ನಟ ಮಾತ್ರ ಸದಾ ಕೆಳಭಾಗದಲ್ಲಿ ನೆಟ್ಟಗೆ ನಡೆಯುತ್ತಿರುತ್ತಾನೆ. ಅಂದರೆ ಅಂದು ಅವನೊಬ್ಬನೇ ಸರಿಯಾಗಿದ್ದ, ತಲೆಕೆಳಗಾಗಿದ್ದದ್ದು ಉಳಿದದ್ದೆಲ್ಲ. ಆದರೂ ಲೋಟ ನೆನಪಾದಾಗಲೆಲ್ಲ ಅದು ಎಡಗೈಯಲ್ಲೇ ಕಾಣುತ್ತದೆ. ಬಲಗೈ ಎಂದು ನನಗೆ ಗೊತ್ತು, ಕಣ್ಣು ಒಪ್ಪುವುದಿಲ್ಲ.

ಕಳೆದ ತಿಂಗಳು ಬೀರಣ್ಣನ ಮೊಮ್ಮಗ ನನ್ನನ್ನು ಲಾತೂರಿನ ಚಿತ್ರಮಂದಿರಕ್ಕೆ ಕರೆದೊಯ್ದ. ತೆರೆಯ ಮೇಲೆ ಒಂದು ನಗರ ಬಟ್ಟೆಯಂತೆ ಮಡಿಚಿಕೊಂಡು ಆಕಾಶಕ್ಕೆ ತಗುಲಿತು. ಅವನ ತೋಳು ಹಿಡಿದೆ. "ಇದನ್ನ ಹ್ಯಾಂಗ ಮಾಡಿರಬಹುದೋ?" ಎಂದು ಕೇಳಿದೆ.

"ಕಂಪ್ಯೂಟರ್ ಅಜ್ಜಿ," ಎಂದ, ತೆರೆಯಿಂದ ಕಣ್ಣು ಕದಲಿಸದೆ.

ಆ ಉತ್ತರದಿಂದ ನನಗೇನೂ ತಿಳಿಯಲಿಲ್ಲ. ಅತ್ತ ಇತ್ತ ನೋಡಿದೆ. ಎಲ್ಲರೂ ಒಂದೇ ಕಡೆಗೆ ಮುಖ ಮಾಡಿ ಕುಳಿತಿದ್ದರು. ಕೂಗಿ ಕೇಳೋಣವೆಂದರೆ ಆಚೆ ಬದಿಯಲ್ಲಿ ಯಾರೂ ಇರಲಿಲ್ಲ.