ಹೊಟ್ಟೆಯಲ್ಲಿದ್ದದ್ದು ನೀರು

ದಾಸರಹಳ್ಳಿಯ ನಮ್ಮ ವಠಾರದಲ್ಲಿ ನನ್ನ ಹೊಟ್ಟೆ ನನಗಿಂತ ಮೊದಲು ಬೇರೆಯವರ ಕಣ್ಣಿಗೆ ಬಿತ್ತು. ಎರಡು ತುತ್ತಿಗೇ ಊಟ ಸಾಕಾಗುತ್ತಿತ್ತು. ಬೆಳಿಗ್ಗೆ ಎದ್ದರೆ ವಾಕರಿಕೆ, ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ. ಗಾರ್ಮೆಂಟ್ಸ್‌ನಲ್ಲಿ ಮಿಷನ್ ಮುಂದೆ ಬಗ್ಗಿ ಕೂತರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನಲ್ಲಿ ಹತ್ತಿರ ಪಕ್ಕದ ಮನೆಯಾಕೆ, "ಏನ್ರೀ, ವಿಶೇಷನಾ?" ಅಂದಳು. ಮದುವೆಯಾಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಇಲ್ಲ ಎನ್ನುವಷ್ಟರಲ್ಲಿ ಮಾತು ನಮ್ಮ ಜೊತೆಗೇ ಇದ್ದ ಅತ್ತೆಯ ಕಿವಿಗೆ ಬಿದ್ದಾಗಿತ್ತು.

ಮುಟ್ಟು ತಪ್ಪಿಲ್ಲ ಎಂದು ಬಾಯಿ ಬಡಿದುಕೊಂಡೆ.

"ಕೆಲವ್ರಿಗೆ ಅಂಗೂ ಆಯ್ತದೆ ಕಣಮ್ಮಾ, ಸುಮ್ಕಿರು," ಎಂದರು ಅತ್ತೆ.

ನೀರಿನ ಕೊಡ ಎತ್ತಲು ಬಿಡಲಿಲ್ಲ. ಪರಂಗಿ ಹಣ್ಣು ಮನೆಯೊಳಗೆ ಬರಲಿಲ್ಲ. ನನಗೆ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ ಆ ಉಪಚಾರ ಹಿತವಾಗಿಯೂ ಇತ್ತು.

ಕೊನೆಗೆ ಆಸ್ಪತ್ರೆಗೆ ಹೋಗಿ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಲಿವರ್ ಮೇಲೆ ತೆಂಗಿನಕಾಯಿ ಗಾತ್ರದ ನೀರುಗುಳ್ಳೆ. ಕ್ಯಾನ್ಸರ್ ಅಲ್ಲ, ಜಠರವನ್ನು ಒತ್ತುತ್ತಿದೆ ಎಂದರು ಡಾಕ್ಟರು.

"ಸೂಜಿ ಹಾಕಿ ನೀರು ತೆಗೀತೀವಿ. ಮತ್ತೆ ತುಂಬ್ಕೊಂಡ್ರೆ ಆಪರೇಷನ್ ಮಾಡಿ ಗುಳ್ಳೆ ಮೇಲ್ಭಾಗ ಕತ್ತರಿಸ್ಬೇಕಾಗುತ್ತೆ."

ಜಾಗ ಮರಗಟ್ಟಿಸಿ ಸೂಜಿ ಹಾಕಿದರು. ಬಾಟಲಿಗೆ ಇಳಿದದ್ದು ತಿಳಿ ನೀರು. ಮನೆಗೆ ಬಂದು ತಟ್ಟೆ ತುಂಬ ಅನ್ನ ಸಾರು ಉಂಡೆ. ಅತ್ತೆ ಮಾತ್ರ ಮೂಲೆಯಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಅದು ಬರೀ ನೀರು ಎಂದು ಗಂಡ ಹೇಳಿದ, ನಾನೂ ಹೇಳಿದೆ. ತಲೆಯಾಡಿಸಿದರು. ಮರುದಿನ ನನ್ನ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಮೆಣಸಿನ ಸಾರು ಬಡಿಸಿದರು. ಬಸಿರು ಇಳಿದುಹೋದವಳಿಗೆ ಮಾಡುವ ಆರೈಕೆ ಅದು. ವಠಾರದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿ ಹೋದರು. ಎಷ್ಟು ಜನರ ಹತ್ತಿರ ಜಗಳವಾಡಲಿ? ಸುಮ್ಮನೆ ಹೂಂ ಅಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಊಟ ಮತ್ತೆ ಸೇರದಾಯಿತು. ಗುಳ್ಳೆ ತುಂಬಿಕೊಂಡಿತ್ತು. ಆಪರೇಷನ್‌ಗೆ ಹೊರಡುವ ಬೆಳಿಗ್ಗೆ ಆಟೋ ಬಂದು ನಿಂತಿತ್ತು. ಯಾವತ್ತೂ ನನ್ನೆದುರು ದನಿ ತಗ್ಗಿಸದ ಅತ್ತೆ ಹೊಸ್ತಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು.

"ನಿನ್ ಕಾಲಿಗ್ ಬೀಳ್ತೀನಿ ಕಣವ್ವಾ. ಇದ್ನಾದ್ರೂ ಉಳಿಸ್ಕೋ."

ಏನು ಹೇಳಿದರೂ ಅವರ ತಲೆಗೆ ಹೋಗುವಂತಿರಲಿಲ್ಲ. ಕೈ ಬಿಡಿಸಿಕೊಂಡು ಆಟೋ ಹತ್ತಿದೆ. ಮಗುವನ್ನೇ ತೆಗೆಸಿಕೊಳ್ಳಲು ಹೊರಟಿದ್ದೇನೆ ಎಂದು ಆ ಗಳಿಗೆಯಲ್ಲಿ ನನಗೂ ಅನ್ನಿಸಿಬಿಟ್ಟಿತು.