ವಫ್ರಾದ ಟಗರಿನ ಹಾಡು

ಬೆಳ್ತಂಗಡಿ ಕಡೆಯ ಸೇಸಪ್ಪ ಕುವೈತಿನ ವಫ್ರಾದ ಕುರಿ ಫಾರ್ಮಿನಲ್ಲಿ ಮೇವು ಹಾಕುತ್ತಾರೆ. ಇಂಗ್ಲಿಷ್ ಓದಲು ಬಾರದಿದ್ದರೂ ಇಂಗ್ಲಿಷ್ ಹಳ್ಳಿಗರ ತಮಾಷೆ ಹಾಡುಗಳು ಅವರ ಬಾಯಲ್ಲಿವೆ. ಹಿಂದೆ ಅಲ್ಲಿಗೆ ಬರುತ್ತಿದ್ದ ಇಂಗ್ಲೆಂಡಿನ ಪಶುವೈದ್ಯರೊಬ್ಬರು ಗೊರಸು ಕತ್ತರಿಸುತ್ತ ಹಾಡುತ್ತಿದ್ದರು. ಕುರಿಯನ್ನು ಅದುಮಿ ಹಿಡಿದುಕೊಂಡೇ ಇವರು ಕಲಿತರು. ಅವುಗಳಲ್ಲೊಂದರಲ್ಲಿ ಹಂದಿಯೊಂದು ಕಟುಕನನ್ನು, ಪಾದ್ರಿಯನ್ನು, ಜಮೀನುದಾರನನ್ನು ಸಾಲಾಗಿ ಕೆಡವುತ್ತದೆ. ಸೇಸಪ್ಪ ಅದನ್ನು ತುಳುವಿಗೆ ತಂದು, ಹಂದಿಯನ್ನು ಟಗರು ಮಾಡಿದರು. ಗದ್ದೆಯ ನಾಟಿ ಹಾಡಿನಂತೆ ಇವರು ಸಾಲು ಎತ್ತಿದರೆ ಉಳಿದ ಕೆಲಸದವರು ಪಲ್ಲವಿ ಕೂಗುತ್ತಿದ್ದರು. ಹಾಡಿನ ಕೊನೆಯಲ್ಲಿ ಟಗರಿನ ಪೆಟ್ಟು ಪ್ರತಿ ಸಲ ಬೇರೊಬ್ಬರ ಹೆಸರಿಗೆ ಬೀಳಬೇಕು.

ಕಳೆದ ಚಳಿಗಾಲದಲ್ಲಿ ಅದು ಸೂಪರ್‌ವೈಸರ್ ನಿತೇಶನಿಗೆ ಬಿತ್ತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಉಪ್ಪಿನಂಗಡಿಯ ಬ್ಯಾರಿ ನಿಯಾಝ್. ನಿತೇಶ ಹಿಂದೆಯೇ ನಿಂತಿದ್ದ.

ಪೈಪಿನಿಂದ ನಿಯಾಝ್‌ನ ಮೊಣಕಾಲಿಗೆ ಹೊಡೆದು, ಕಾಲರ್ ಹಿಡಿದೆಳೆದು, ಮಾಲೀಕರ ತಳಿ ಟಗರಿದ್ದ ದೊಡ್ಡಿಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ. "ನಿನ್ನ ಟಗರು ಎಂತ ಮಾಡ್ತದೆ ನೋಡುವ!"

ಟಗರು ಮೊದಲು ಎದೆಗೆ ಗುದ್ದಿತು. ಏಳಲು ಹೋದವನನ್ನು ಮತ್ತೆ ಕಂಬಿಗೆ ಒತ್ತಿ ಗುದ್ದಿತು. ಎಲುಬು ಮುರಿದದ್ದು ಹೊರಗಿನವರಿಗೂ ಕೇಳಿಸಿತು. ಸೇಸಪ್ಪ ಗುದ್ದಲಿ ಹಿಡಿದು ಬೇಲಿ ಹಾರಿದರು. ಹಣೆಯ ಮೇಲಿನ ಏಟಿಗೆ ಟಗರು ತಲೆ ಕೊಡವಿತಷ್ಟೆ. ಕತ್ತಿನ ಹಿಂದೆ ಬಿದ್ದ ಏಟಿಗೆ ಕಾಲು ಬಡಿಯುತ್ತ ಮಗುಚಿತು.

"ಕಫೀಲನ ಟಗರು ಕೊಂದಿ ಅಲ್ವಾ ಸೇಸಪ್ಪಣ್ಣ?" ನಿತೇಶ ನಕ್ಕ. "ಇಕಾಮಾ ಖಲಾಸ್, ವೀಸಾ ಹೋಯ್ತು. ಊರಿಗೆ ಹೋಗು."

ಕಫೀಲರಾದ ಮಾಲೀಕರ ಗಾಡಿ ಆಗಲೇ ಗೇಟು ದಾಟಿ ಒಳಗೆ ಬರುತ್ತಿತ್ತು. ಗುದ್ದಲಿಯಿಂದ ಸತ್ತರೆ ಅದು ಬರೀ ಹೆಣ, ಯಾರೂ ತಿನ್ನುವಂತಿಲ್ಲ; ಉಸಿರಿರುವಾಗಲೇ ಮುಸಲ್ಮಾನನೊಬ್ಬ ಕೊಯ್ದರೆ ಮಾತ್ರ ಹಲಾಲ್ ಮಾಂಸ.

ನಿಯಾಝ್ ರಕ್ತ ಉಗಿದ. "ಸೇಸಪ್ಪಣ್ಣ, ಅದಕ್ಕೆ ಉಸಿರುಂಟು. ಕತ್ತಿ ಕೊಡಿ, ಬೇಗ!"

"ನಿನಗೆ ಏಳ್ಲಿಕ್ಕೆ ಆಗ್ತದಾ ಮಾರಾಯ?"

"ಮಲಗಿಯೇ ಕೊಯ್ತೇನೆ. ಮೆಕ್ಕಾದ ಕಡೆ, ಕಿಬ್ಲಾ ಆಚೆ, ತಲೆ ತಿರುಗಿಸಿ."

ಸೇಸಪ್ಪ ಸೊಂಟದ ಕತ್ತಿ ಅವನ ಕೈಗಿಟ್ಟು, ಟಗರಿನ ಕೊಂಬು ಹಿಡಿದು ತಿರುಗಿಸಿದರು. ನಿಯಾಝ್ ಮೊಣಕೈ ಊರಿ, ದೇವರ ಹೆಸರು ಹೇಳಿ ಕೊಯ್ದ. ರಕ್ತ ಇಬ್ಬರ ಮುಖಕ್ಕೂ ಚಿಮ್ಮಿತು.

ಮಾಲೀಕರು ಬಂದು ಟಗರಿನ ಕುತ್ತಿಗೆ ನೋಡಿದರು, ನಿಯಾಝ್‌ನ ಎದೆ ನೋಡಿದರು. ಕೊನೆಗೆ ಹೊರಗಿನಿಂದ ಹಾಕಿದ್ದ ಚಿಲಕ ನೋಡಿದರು.

"ಇದನ್ನು ಹಾಕಿದ್ದು ಯಾರು?"

ಸೇಸಪ್ಪ ಕೈ ತೋರಿಸಿದರು. ಮಾಲೀಕರು ನಿತೇಶನ ಕೈಯಿಂದ ಪೈಪು ಕಸಿದು ಅವನ ಬಾಯಿಗೇ ಬೀಸಿದರು. ಹಲ್ಲು ಮರಳಿಗೆ ಬಿತ್ತು. ಆಮೇಲೆ ತಮ್ಮದೇ ಗಾಡಿಯಲ್ಲಿ ನಿಯಾಝ್‌ನನ್ನು ಆಸ್ಪತ್ರೆಗೆ ಕಳಿಸಿ, ಟಗರಿನ ಮಾಂಸ ಕೆಲಸದವರಿಗೆ ಬಿಟ್ಟರು.

ಸೇಸಪ್ಪ ಈಗಲೂ ಅಲ್ಲೇ ಇದ್ದಾರೆ. ಎದೆಗೆ ಪಟ್ಟಿ ಸುತ್ತಿಕೊಂಡು ಮರಳಿದ ನಿಯಾಝ್ ಮಂಚದ ಮೇಲೆ ಕೂತವನೇ ಜಗಳ ತೆಗೆದ:

"ಕೊಯ್ದದ್ದು ನಾನು. ಲಿವರ್ ತಿಂದದ್ದು ಯಾರು?"