ಯೂನಿಸ್ ಟೀಚರ್ ಹೇಳದೆ ಉಳಿದ ಸಾಕ್ಷಿ

ದೀಪದ ಎಣ್ಣೆಯ ವಾಸನೆ, ಸೊಳ್ಳೆ ಬತ್ತಿಯ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಂದರೆ ನಾನು ಕದ್ರಿಯ ಈ ಫ್ಲ್ಯಾಟಿನಲ್ಲಿ ಇರುವುದಿಲ್ಲ. ನಿನ್ನೆ ಸಂಜೆಯೂ ಹಾಗೇ ಆಯಿತು. ದೇವರಿಗೆ ದೀಪ ಹಚ್ಚಿ ಅಲ್ಲೇ ಕೂತಿದ್ದೆ. "ಬಾಗಿಲು ಹಾಕು ಮಾರಾಯ್ತಿ, ಸೊಳ್ಳೆ ಬರ್ತದೆ" ಎಂದು ನನ್ನ ಗಂಡ ಒಳಗಿನಿಂದ ಕೂಗಿದರು. ಕಾಲಿಗೆ ಜೋಮು ಹಿಡಿದಿದೆ ಎಂದೆ. ನಿಮ್ಮ ಹತ್ತಿರ ಯಾಕೆ ಸುಳ್ಳು, ನನ್ನ ಕಾಲಿಗೆ ಏನೂ ಆಗಿರಲಿಲ್ಲ. ನಾನು ದೇರೆಬೈಲಿನ ನಮ್ಮ ಹಳೆಯ ಮನೆಯ ಹಿತ್ತಿಲಿನಲ್ಲಿದ್ದೆ, ಗೋಡೆಯ ಆಚೆ ಯೂನಿಸ್ ಟೀಚರ್ ಹಾಡುತ್ತಿದ್ದರು.

ನಮ್ಮದು ಅರ್ಚಕರ ಮನೆ. ಅಪ್ಪ ದೇವಸ್ಥಾನದಲ್ಲಿ ಪೂಜೆಗೆ ಇದ್ದವರು, ಸಿಟ್ಟು ಮೂಗಿನ ತುದಿಯಲ್ಲೇ. ಪಕ್ಕದ ಮನೆಯ ಯೂನಿಸ್ ಟೀಚರ್ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಯೇಸುವಿನ ಮೇಲೆ ಅವರಿಗಿದ್ದ ನಂಬಿಕೆ ಭಾನುವಾರದ ಬಿಳಿ ಸೀರೆಗೆ ಮುಗಿಯುವಂಥದ್ದಲ್ಲ. ಅವರ ಬಟ್ಟೆಯ ಚೀಲದಲ್ಲಿ ಯಾವಾಗಲೂ ಸುವಾರ್ತೆಯ ಕರಪತ್ರಗಳು ಇರುತ್ತಿದ್ದವು. ರಿಕ್ಷಾದವನಿಗೆ ಒಂದು, ಮೀನಿನ ಹೆಂಗಸಿಗೆ ಒಂದು, ಸಿಟಿ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಒಂದು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಒಬ್ಬ ಮನುಷ್ಯ ಕಾಗದವನ್ನು ಅವರ ಎದುರೇ ಹರಿದು ಹಾಕಿದ. ಟೀಚರ್ ಬಗ್ಗಿ ಚೂರುಗಳನ್ನು ಹೆಕ್ಕಿ, "ಬಸ್ಸಲ್ಲಿ ಕಸ ಆಗ್ತದೆ" ಎಂದು ಚೀಲಕ್ಕೆ ಹಾಕಿಕೊಂಡರು. ಅವರು ನನ್ನ ಗುರುತಿನವರು ಎಂದು ಯಾರಿಗಾದರೂ ತಿಳಿದೀತೋ ಎಂದು ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ.

ಊರಿಗೆಲ್ಲ ಹಂಚಿದ ಆ ಕಾಗದವನ್ನು ಅವರು ನನ್ನ ಅಮ್ಮನಿಗೆ ಮಾತ್ರ ಒಮ್ಮೆಯೂ ಕೊಡಲಿಲ್ಲ. ಅಮ್ಮ ಅವರ ಜೀವದ ಗೆಳತಿ. ಗೋಡೆಯ ಮೇಲಿಂದ ಈಚೆಗೆ ಕರಿಬೇವು ಬರುತ್ತಿತ್ತು, ಆಚೆಗೆ ಪತ್ರೊಡೆ ಹೋಗುತ್ತಿತ್ತು. ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿಗಳ ತಟ್ಟೆ ಬರುವಾಗ ನಮ್ಮ ಪಾಲಿನದನ್ನು ಮೊಟ್ಟೆ ಮುಟ್ಟದ ಪಾತ್ರೆಯಲ್ಲಿ ಬೇರೆಯೇ ಮಾಡಿರುತ್ತಿದ್ದರು. "ನನಗೆ ಯಾಕೆ ನಿಮ್ಮ ಕಾಗದ ಇಲ್ಲ ಟೀಚರೇ? ನಾನು ಸ್ವರ್ಗಕ್ಕೆ ಬರುವುದು ಬೇಡವಾ?" ಎಂದು ಅಮ್ಮ ಒಮ್ಮೆ ತಮಾಷೆ ಮಾಡಿದ್ದಳು. ಟೀಚರ್ ನಗಲಿಲ್ಲ. "ಕೊಟ್ರೆ ನಿಮಗೆ ಬೇಡ ಅಂತ ಹೇಳ್ಲಿಕ್ಕೆ ಕಷ್ಟ ಆಗ್ತದೆ ಅಮ್ಮಾ. ನಿಮಗೆ ಕಷ್ಟ ಕೊಡ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ" ಎಂದರು.

ಇದೇ ಅವರ ಒಳಗಿನ ನೋವು ಎಂದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು. ಅವರ ಚರ್ಚಿನ ಸಭೆಯಲ್ಲಿ ವರ್ಷದ ಕೊನೆಯ ಆರಾಧನೆಯ ದಿನ ಒಬ್ಬೊಬ್ಬರೇ ಎದ್ದು ನಿಂತು ಸಾಕ್ಷಿ ಹೇಳುವ ಪದ್ಧತಿಯುಂಟು. ದೇವರು ತಮಗೆ ಏನು ಮಾಡಿದ, ತಾವು ಯಾರಿಗೆ ದೇವರ ಮಾತು ಮುಟ್ಟಿಸಿದೆವು ಎಂದು ಎಲ್ಲರ ಮುಂದೆ ಹೇಳಬೇಕು. ಟೀಚರ್ ಪ್ರತಿ ವರ್ಷ ಕೂತೇ ಇರುತ್ತಿದ್ದರು. "ಎದ್ದು ಎಂತ ಹೇಳುವುದು? ಗೋಡೆಯಾಚೆ ಅಷ್ಟು ಪ್ರೀತಿಯ ಜನ ಇದ್ದಾರೆ, ಅವರಿಗೇ ನಾನು ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ ಅಂತಲಾ?" ಎಂದು ಅಮ್ಮನ ಹತ್ತಿರವೇ ಹೇಳಿಕೊಂಡಿದ್ದರು. ಅಮ್ಮ ಅವರ ಕೈಗೆ ಬಿಸಿ ಕಾಫಿ ಕೊಟ್ಟಳು. ಅವಳಿಗೆ ಗೊತ್ತಿದ್ದ ಸಮಾಧಾನ ಅದೊಂದೇ.

ನಮ್ಮ ಊರಿನಲ್ಲಿ ಸಂಜೆಗೆ ಗಡಿಯಾರ ಬೇಡ. ಒಂದು ಕಡೆ ಮಸೀದಿಯ ಬಾಂಗ್, ಒಂದು ಕಡೆ ಇಗರ್ಜಿಯ ಗಂಟೆ, ಮತ್ತೊಂದು ಕಡೆ ಭಜನೆಯ ತಾಳ. ಯಾರದೋ ದೇವರನ್ನು ಕೇಳಿ ಇನ್ಯಾರೋ ಅಕ್ಕಿ ತೊಳೆಯುತ್ತಾರೆ. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತು ತಿಳಿಯುತ್ತಿದ್ದದ್ದು ಟೀಚರ ಹಾಡಿನಿಂದ. ಅವರು ತಮ್ಮ ಹಿಂದಿನ ಮೆಟ್ಟಿಲಲ್ಲಿ ಕೂತು, ಮುಸ್ಸಂಜೆಯ ಒಂದೇ ಹಾಡನ್ನು ನಿಧಾನವಾಗಿ ಹಾಡುತ್ತಿದ್ದರು. ಒಳಗಿದ್ದ ನಮಗೆ ಕೇಳುತ್ತಿದ್ದದ್ದು ರಾಗ ಮಾತ್ರ. ಗೋಡೆಗೆ ತಾಗಿದಂತಿದ್ದ ತುಳಸಿಕಟ್ಟೆಯ ಹತ್ತಿರ ಅಮ್ಮ ದೀಪ ಹಿಡಿದು ನಿಂತಿರುತ್ತಿದ್ದಳು.

ಆಮೇಲೆ ಅಮ್ಮನಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಒಗ್ಗರಣೆ ಮರೆತಳು, ನಂತರ ನನ್ನ ಹೆಸರು. ಸಂಜೆಯಾದರೆ ಅವಳಿಗೆ ಏನೋ ಸಂಕಟ, ಒಳಗೂ ಹೊರಗೂ ನಡೆಯುತ್ತಿದ್ದಳು. ಗೋಡೆಯಾಚೆ ಹಾಡು ಶುರುವಾದರೆ ಮಾತ್ರ ತುಳಸಿಕಟ್ಟೆಯ ಹತ್ತಿರ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು. ಕೆಲವು ದಿನಗಳಲ್ಲಿ ತಾನೂ ಆ ರಾಗವನ್ನು ಗುನುಗಲು ತೊಡಗಿದಳು. ಜೊತೆಗೆ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ಬಾಗಿಲ ಮುಚ್ಚದಿರು, ಬರುವವರು ದಾರಿಯಲ್ಲಿಹರು." ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ಅಮ್ಮನ ಬಾಯಲ್ಲಿ ಈ ಪುಸ್ತಕದ ಕನ್ನಡ! ಸಣ್ಣವಳಿದ್ದಾಗ ಶಾಲೆಯಲ್ಲಿ ಕಲಿತ ಪಾಠವಿರಬೇಕು ಎಂದುಕೊಂಡೆವು. "ಲಕ್ಷ್ಮಿ ಬರುವ ಹೊತ್ತಲ್ಲವಾ, ಸರಿಯಾಗೇ ಹೇಳ್ತಾಳೆ" ಎಂದು ಅಪ್ಪ ಎದುರಿನ ಬಾಗಿಲು ತೆರೆದಿಡುತ್ತಿದ್ದರು.

ಒಂದು ಸಂಜೆ ಮನೆಗೆ ಬಂದಿದ್ದ ನೆಂಟರೊಬ್ಬರು ಅಮ್ಮನ ಗುನುಗು ಕೇಳಿ, "ಎಂತ ಇದು, ಭಟ್ರ ಮನೆಯಲ್ಲಿ ಇಗರ್ಜಿ ಪದ್ಯ?" ಎಂದು ಗಟ್ಟಿಯಾಗಿ ನಕ್ಕರು. ಮರುದಿನ ಗೋಡೆಯಾಚೆ ಹಾಡಿಲ್ಲ. ಅದರ ಮರುದಿನವೂ ಇಲ್ಲ. ಅಮ್ಮ ಗೇಟಿನವರೆಗೆ ಹೋಗಿ ಬಂದಳು, ಮತ್ತೆ ಹೋದಳು, ಕೈ ಹಿಡಿದರೆ ಕೊಸರಿಕೊಂಡು ಅತ್ತಳು. ಬತ್ತಿ ಹೊಸೆಯುತ್ತಿದ್ದ ಅಪ್ಪ ಅದನ್ನು ಅಲ್ಲೇ ಬಿಟ್ಟು ಎದ್ದರು. ಇವತ್ತು ಗೋಡೆಯ ಹತ್ತಿರ ಜಗಳವೇ ಎಂದು ನಾನು ಹಿಂದೆಯೇ ಓಡಿದೆ.

"ಟೀಚರೇ, ಎಂತ, ಗಂಟಲು ಸರಿ ಇಲ್ವಾ?"

"ಗಂಟಲು ಸರಿ ಉಂಟು ಭಟ್ರೇ. ಬುದ್ಧಿ ಮಸುಕಾದವರಿಗೆ ನಾನು ಮತ ಹೇಳಿಕೊಡ್ತೇನೆ ಅಂತ ನಾಳೆ ಯಾರಾದ್ರೂ ಹೇಳಿದ್ರೆ? ನನಗೆ ಹೇಳ್ಲಿ, ತೊಂದರೆ ಇಲ್ಲ. ಅಮ್ಮನ ಹೆಸರು ಬರುವುದು ಬೇಡ."

"ಹಾಗೆ ಹೇಳುವವರು ಸಂಜೆ ಬಂದು ಇವಳನ್ನು ನೋಡಿಕೊಳ್ತಾರಾ? ನೀವು ಹಾಡಿ ಮಾರಾಯ್ರೆ. ಸ್ವಲ್ಪ ಗಟ್ಟಿಯಾಗಿಯೇ ಹಾಡಿ." ಅಪ್ಪನ ಧ್ವನಿ ಎಂದಿನ ಹಾಗೆ ಗದರುವಂತೆಯೇ ಇತ್ತು. ತಿರುಗಿ ಬರುವಾಗ ಮಾತ್ರ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ಅಮ್ಮ ಹೋಗುವವರೆಗೂ ಆ ಹಾಡು ತಪ್ಪಲಿಲ್ಲ. ಆಮೇಲೆ ಟೀಚರ್ ಸುರತ್ಕಲ್ಲಿನಲ್ಲಿರುವ ತಮ್ಮನ ಮಗಳ ಮನೆಗೆ ಹೋದರು. ಕಳೆದ ವಾರ ನೋಡಿ ಬರೋಣ ಎಂದು ಹೋಗಿದ್ದೆ. ಮುದುಡಿ ಸಣ್ಣಗಾಗಿದ್ದಾರೆ, ಧ್ವನಿ ಪಿಸುಮಾತಿನಷ್ಟು. ಸಂಜೆಯಾಯಿತು. ನನ್ನ ಕಂಠ ಕುಕ್ಕರಿನ ಸೀಟಿಗಿಂತ ಕಡೆ ಎಂದು ಗೊತ್ತಿದ್ದೂ ಆ ರಾಗವನ್ನು ಗುನುಗಿದೆ. ಅವರ ಮುಖ ಬೆಳಗಿತು. "ಟೀಚರೇ, ಇಷ್ಟು ವರ್ಷ ಕೇಳಿದ್ದೇನೆ, ಮಾತು ಮಾತ್ರ ಗೊತ್ತಿಲ್ಲ. ಹೇಳ್ತೀರಾ?" ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಬಸ್ಸಿನಲ್ಲಿ, ಬೀದಿಯಲ್ಲಿ ಅವರು ಜನರ ಬಾಯಿಂದ ಕೇಳಲು ಕಾದಿದ್ದ ಮಾತು ಇದೇ ಇರಬೇಕು. ಕೈ ಜೋಡಿಸಿ, ಕಣ್ಣು ಮುಚ್ಚಿ, ಒಂದೊಂದೇ ಸಾಲು ಹೇಳತೊಡಗಿದರು. ಎರಡನೆಯ ಚರಣ ಬಂತು.

"ಬಾಗಿಲ ಮುಚ್ಚದಿರು, ಬರುವವರು ದಾರಿಯಲ್ಲಿಹರು."

"ಟೀಚರೇ, ಇದನ್ನು ಅಮ್ಮ ಹೇಳ್ತಿದ್ದಳು. ನನ್ನ ಹೆಸರೂ ಮರೆತ ಮೇಲೆ, ದಿನಾ ಸಂಜೆ ಇದೇ ಮಾತು. ನಿಮ್ಮ ಹಾಡಿನ ಸಾಲು ಅಂತ ನಮಗೆ ಯಾರಿಗೂ ಗೊತ್ತೇ ಆಗ್ಲಿಲ್ಲ" ಎಂದೆ.

ಟೀಚರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಈ ವರ್ಷ ನಾನು ಸಾಕ್ಷಿ ಹೇಳ್ತೇನೆ ಮಗಾ" ಎಂದರು. "ಎದ್ದು ನಿಲ್ಲಲಿಕ್ಕೆ ಕಾಲಲ್ಲಿ ಬಲ ಇಲ್ಲ, ಕೂತೇ ಹೇಳ್ತೇನೆ. ಅಮ್ಮ ಯೇಸುವಿನ ಹತ್ತಿರ ಬಂದ್ರು ಅಂತ ಹೇಳುವುದಿಲ್ಲ, ಅದು ಸುಳ್ಳಾಗ್ತದೆ. ಕೇಳಿದ್ರು ಅಂತ ಹೇಳ್ತೇನೆ."

ನಾನು ನಂಬಿಕೆ ಬದಲಿಸಿದೆ ಎಂದುಕೊಳ್ಳಬೇಡಿ. ನಿನ್ನೆ ಹಚ್ಚಿದ್ದು ಅಮ್ಮನ ದೀಪವನ್ನೇ, ನಮ್ಮ ದೇವರಿಗೇ. ಬರುವವರು ಯಾರು ಎಂದರೆ ಟೀಚರ್ ತಡವರಿಸದೆ ಹೆಸರು ಹೇಳಿಯಾರು, ಅಪ್ಪ ಇದ್ದಿದ್ದರೆ ಇನ್ನೊಂದು ಹೆಸರು ಹೇಳುತ್ತಿದ್ದರು. ಅಮ್ಮ ಯಾರನ್ನು ಕಾಯುತ್ತಿದ್ದಳೋ ಅವಳಿಗೇ ಗೊತ್ತು. "ಬಾಗಿಲು ಹಾಕಿದೆಯಾ?" ಎಂದು ಗಂಡ ಮತ್ತೊಮ್ಮೆ ಕೂಗಿದರು. ಇನ್ನೂ ಇಲ್ಲ, ಸ್ವಲ್ಪ ಹೊತ್ತು ಇರಲಿ ಎಂದು ಹೇಳಿ, ಸೊಳ್ಳೆ ಬತ್ತಿಯನ್ನು ಹೊಸ್ತಿಲ ಹತ್ತಿರ ಸರಿಸಿಟ್ಟೆ.